ಎರಡು ಟವೆಲೂ ಒಂದು ಕಪ್ಪು ಡಬ್ಬಿಯೂ

ಬೆಳಿಗ್ಗೆ ನೀರು ಹಿಡಿದೆ, ದೋಸೆಗೆ ರುಬ್ಬಿದೆ, ತಿಪ್ಪಸಂದ್ರದ ಮಾರ್ಕೆಟ್ಟಿನಲ್ಲಿ ಅವರೆಕಾಯಿಗೆ ಚೌಕಾಸಿ ಮಾಡಿದೆ, ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಕೊಟ್ಟೆ, ಹಾಗೇ ಭಾವನವರ ಯುದ್ಧವನ್ನೂ ನೋಡಿಕೊಂಡು ಬಂದೆ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ನಮ್ಮ ಜೊತೆಯಲ್ಲೇ ಇದ್ದಾರೆ. ಸ್ವಂತ ಕಾರನ್ನು ಒಂದು ಕಂಪನಿಗೆ ಬಿಟ್ಟು, ಮಾರತ್ತಹಳ್ಳಿಯ ಆಫೀಸುಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಕರೆದೊಯ್ದು ಬಿಡುತ್ತಾರೆ. ಅವರ ಬದುಕಿನಲ್ಲಿ ಗುಟ್ಟು ಎಂಬುದು ಒಂದೂ ಇಲ್ಲ. ಆ ಇಲ್ಲದ ಗುಟ್ಟನ್ನು ಕಾಪಾಡಲು ಅವರು ಪಡುವ ಪಾಡಿದೆಯಲ್ಲ, ಬೇಹುಗಾರರೂ ನಾಚಬೇಕು!

ಕಾರು ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ ಕಪ್ಪು ಡಬ್ಬಿಯೊಂದನ್ನು ಕಂಪನಿಯವರು ಕೂರಿಸಿದರು. ಅಂದೇ ಅದರ ಮೇಲೆ ಟವೆಲು ಬಿತ್ತು.

“ಭಾವ, ಅದಕ್ಕೆ ಕಣ್ಣಿಲ್ಲ.”

“ಕಣ್ಣಿಲ್ದೇನೇ ನಾನೆಲ್ಲಿದ್ದೀನಿ ಅಂತ ಹೇಳುತ್ತಾ? ಹಂಗಾದ್ರೆ ಇನ್ನೂ ಡೇಂಜರು!”

ಮಾರನೆಯ ದಿನ ಟವೆಲಿನ ಮೇಲೆ ಇನ್ನೊಂದು ಟವೆಲು!

ಇದೇ ಮಹಾನುಭಾವರು ಗಾಡಿ ನಿಲ್ಲಿಸಿದಲ್ಲೆಲ್ಲ ಮನೆಗೆ ಫೋನ್ ಮಾಡುತ್ತಾರೆ. “ಹಲಸೂರು ಕೆರೆ ಹತ್ರ ಟೀ ಕುಡೀತಿದ್ದೀನಿ.” “ಇಂದಿರಾನಗರ. ಎಳನೀರು ತರ್ಲಾ?” ಯಾವ ಉಪಗ್ರಹ ಎಳನೀರು ಬೇಕೇ ಎಂದು ಕೇಳೀತು? ನಾನು ಕೆಣಕಿದರೆ, “ನಾನಾಗಿ ಹೇಳೋದು ಬೇರೆ, ನನ್ ಕೇಳ್ದೆ ನೋಡೋದು ಬೇರೆ ಕಣಮ್ಮ. ಬಾಗಿಲು ತೆಗೆದು ಬನ್ನಿ ಅನ್ನೋದೂ, ಅವ್ರೇ ಬಂದು ಕಿಟಕಿಲಿ ಇಣುಕೋದೂ ಒಂದೇನಾ?” ಎನ್ನುತ್ತಾರೆ.

ಇವತ್ತು ಕಂಪನಿಯ ಮ್ಯಾನೇಜರು ಭಾವನವರನ್ನು ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರದ ಆಫೀಸಿಗೆ ಕರೆಸಿದ್ದರು. ಮಿಕ್ಸಿ ಅಂಗಡಿಯೂ ಅದೇ ದಾರಿ, ನಾನೂ ಹೊರಟೆ.

“ಮೊನ್ನೆ ರಜೆ ದಿನ ಶಿವಾಜಿನಗರದ ಆಸ್ಪತ್ರೆ ಮುಂದೆ ಅಷ್ಟೊತ್ತು ಗಾಡಿ ನಿಂತಿತ್ತಲ್ಲ, ಯಾಕೆ? ಹುಷಾರಿಲ್ವಾ? ಹೇಳ್ದಿದ್ರೆ ನಾಳೆಯಿಂದ ಡ್ಯೂಟಿ ಕೊಡಕ್ಕಾಗಲ್ಲ.”

ಎರಡು ಟವೆಲೂ ಸೋತಿದ್ದವು! ನಾನು ಬಾಯಿ ತೆರೆದೆ.

“ನೀನು ಸುಮ್ನಿರಮ್ಮ,” ಎಂದರು ಭಾವ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಸರ್, ಹೆಣ್ಮಕ್ಳು ಕೂತಿರೋವಾಗ ನೋಡಿ, ನೋಡ್ಲೇಬೇಕು. ನಾಳೆ ಯಾರಾದ್ರೂ ಸುಳ್ಳು ದೂರು ಕೊಟ್ರೆ ನನಗೂ ಅದೇ ಸಾಕ್ಷಿ. ನನ್ ಆರೋಗ್ಯದ ಮೇಲೆ ಅನುಮಾನವಾ? ಇವತ್ತೇ ಡಾಕ್ಟ್ರ ಹತ್ರ ಕಳ್ಸಿ. ಆದ್ರೆ ರಜೆ ದಿನ ಆ ಡಬ್ಬಿ ನೋಡ್ತಿರೋದು ಗಾಡೀನಲ್ಲ, ನನ್ ಮನೇನ. ರಜೇಲಿ ನೀವೆಲ್ಲಿ ಹೋಗ್ತೀರ ಅಂತ ನಮ್ ಡ್ರೈವರ್ಸ್ ವಾಟ್ಸಾಪ್ ಗ್ರೂಪಿಗೆ ಹಾಕ್ತೀರಾ?”

“ನನ್ ವಿಷ್ಯ ನಿಮಗ್ಯಾಕ್ರೀ?”

“ಅದೇ ಸರ್ ನಾನೂ ಹೇಳ್ತಿರೋದು!”

ಮ್ಯಾನೇಜರು ಫ್ಯಾನು ನೋಡಿದರು. ಭಾವ ಅಲುಗಲಿಲ್ಲ. ಕೊನೆಗೆ ತೀರ್ಮಾನವಾಯಿತು: ಭಾವ ಆರೋಗ್ಯ ತಪಾಸಣೆ ಮಾಡಿಸಬೇಕು, ಡ್ಯೂಟಿ ಮುಗಿದ ಮೇಲೆ ಡಬ್ಬಿ ಬಂದ್.

ಮೊನ್ನೆ ಆ ಆಸ್ಪತ್ರೆಗೆ ಹೋಗಿದ್ದವಳು ನಾನು. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು, ಯಜಮಾನರಿಗೂ ಹೇಳಿರಲಿಲ್ಲ. ಭಾವ ಒಂದು ಪ್ರಶ್ನೆ ಕೇಳದೆ ಕರೆದೊಯ್ದು, ಹೊರಗೇ ಕೂತಿದ್ದರು. ಹೆದರುವಂಥದ್ದೇನಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. “ತಮ್ಮನ ಹೆಂಡ್ತಿಗೆ ಹುಷಾರಿರಲಿಲ್ಲ” ಎಂದಿದ್ದರೆ ಇವತ್ತು ಭಾವನವರ ಕೆಲಸ ನಿಮಿಷದಲ್ಲಿ ಉಳಿಯುತ್ತಿತ್ತು. ಅಷ್ಟನ್ನೂ ಅವರು ಹೇಳಲಿಲ್ಲ.

ಸಂಜೆ ಮುದ್ದೆ, ಅವರೆಕಾಳು ಸಾರು. ಬಡಿಸುತ್ತಲೇ ಯಜಮಾನರಿಗೆ ಎಲ್ಲ ಹೇಳಿದೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

“ನನಗೆ ಇನ್ನೊಂದ್ ಸೌಟು ಸಾರು ಹಾಕಮ್ಮ,” ಎಂದರು ಭಾವ, ಏನೂ ಕೇಳಿಸದವರ ಹಾಗೆ.

ಮೊದಲು ಮಲಗಿದವರೂ ಅವರೇ, ಮುಖದ ಮೇಲೆ ಟವೆಲು ಹಾಕಿಕೊಂಡು.