ಚಾಲೂ ಆಗವಲ್ಲದರಿ, ಅಕ್ಕಾರ

ಕೆಟ್ಟ ಕಂಪ್ಯೂಟರ್ ಯಾವತ್ತೂ ಒಂದೇ ಬರುವುದಿಲ್ಲ, ಅದರ ಹಿಂದೆ ಒಂದು ಮನೆ ಪೂರ್ತಿ ಬರುತ್ತದೆ. ಹನ್ನೊಂದು ವರ್ಷದಿಂದ ಚಿಕ್ಕೋಡಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡವಳಾದ ನಾನು ಇದನ್ನು ಚೆನ್ನಾಗಿ ಬಲ್ಲೆ. ಅಂಗಡಿಗೆ ತರಲಾರದವರು ಫೋನ್ ಮಾಡುತ್ತಾರೆ. ನಾನು ಸ್ಕೂಟರಿಗೆ ಚೀಲ ನೇತುಹಾಕಿಕೊಂಡು ಅಥಣಿ, ರಾಯಬಾಗದ ತನಕ ಹೋಗುತ್ತೇನೆ. ಫೋನಿನಲ್ಲಿ ಎಲ್ಲರದೂ ಒಂದೇ ಮಾತು: "ಚಾಲೂ ಆಗವಲ್ಲದರಿ, ಅಕ್ಕಾರ." ಹೋದ ಮೇಲೆ ನಡೆಯುವುದು ಮಾತ್ರ ಮನೆಗೊಂದು ತರ. ಬಂದ ನಗುವನ್ನೆಲ್ಲ ಅವರ ಎದುರಿಗೇ ನಗಲಿಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಈ ಮನೆಗಳು ನನಗೆ ಅನ್ನ ಕೊಟ್ಟಿವೆ. ನಗು ಅದರ ಮೇಲಿನ ಕೊಸರು.

ಮಿಸ್ತ್ರಿ ಎಲ್ಲಿ?

ಅಂಗಡಿ ಇಟ್ಟ ಹೊಸತು. ಅಥಣಿ ಕಡೆಯ ಒಬ್ಬ ದ್ರಾಕ್ಷಿ ತೋಟದ ಯಜಮಾನರು ಫೋನ್ ಮಾಡಿ, "ನಮ್ಮನಿಗಿ ಮಿಸ್ತ್ರೀನ ಕಳಸ್ರಿ ಬಾಯಾರ" ಅಂದರು. ಹೂಂ ಅಂದು ನಾನೇ ಹೊರಟೆ.

ಯಜಮಾನರು ಗೇಟಿನಲ್ಲೇ ನಿಂತಿದ್ದರು. ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದಿನ ರಸ್ತೆ ನೋಡಿದರು. "ಕಂಪ್ಯೂಟರ್ ಅಂಗಡಿಯಿಂದ ಬಂದೇನ್ರಿ, ಕಾಕಾರ" ಅಂದೆ.

"ಹೌದೇನವಾ, ಒಳಗ ಹೋಗು, ಹೆಣ್ಣಮಕ್ಕಳದಾರ. ಚಾ ಕುಡಿ. ಮಿಸ್ತ್ರಿ ಬರೂತನಕಾ ನಾ ಇಲ್ಲೇ ನಿಂತಿರ್ತೇನಿ. ಅಂವಗ ಮನಿ ಗೊತ್ತಾಗಬೇಕಲಾ."

ಒಳಗೆ ಅವರ ಹೆಂಡತಿ ಚಹಾಕ್ಕೆ ಇಟ್ಟರು. ಮೊಮ್ಮಗಳ ಕಾಲೇಜಿನ ಬರವಣಿಗೆಯೆಲ್ಲ ಅದರಲ್ಲೇ ಸಿಕ್ಕಿಕೊಂಡಿದೆ ಎಂದು ಕಂಪ್ಯೂಟರ್ ತೋರಿಸಿದರು. ಬಿಚ್ಚಿ ನೋಡಿದರೆ ಒಳಗೆ ಒಂದು ವೈರು ಸಡಿಲಾಗಿತ್ತು. ಒತ್ತಿ ಕೂಡಿಸಿದೆ, ಚಾಲೂ ಆಯಿತು. ಚಹಾ ಇನ್ನೂ ಕುದಿಯುತ್ತಿತ್ತು.

ಚಹಾದ ಕಪ್ಪು ಕೈಗೆ ಬರುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಗೇಟಿನಿಂದ ಯಜಮಾನರು. "ಏನ್ರಿ ಬಾಯಾರ, ಬಿಸಲಾಗ ನಿಂತ ಅರ್ಧಾ ತಾಸಾತು. ನಿಮ್ಮ ಮಿಸ್ತ್ರಿ ಎಲ್ಲಿ ಅದಾನ್ರಿ?"

"ರಿಪೇರಿ ಮಾಡಿ, ನಿಮ್ಮ ಅಡಗಿಮನ್ಯಾಗ ಚಾ ಕುಡ್ಯಾಕತ್ತಾನ್ರಿ" ಅಂದೆ.

ಅವರು ಫೋನು ಇಟ್ಟು, ಕೋಲು ಹಿಡಿದುಕೊಂಡು ಒಳಗೆ ಓಡಿ ಬಂದರು. ಅಡುಗೆಮನೆಯಲ್ಲಿ ಯಾವ ಗಂಡಸು ಹೊಕ್ಕಿದ್ದಾನೆ ಎಂದು ನೋಡಲಿಕ್ಕೆ.

ಬಲಕ್ಕೋ, ಎಡಕ್ಕೋ?

ಹಾರೂಗೇರಿಯ ಒಬ್ಬ ಕಿರಾಣಿ ಅಂಗಡಿಯವರ ಮನೆ. ಖಂಡೇನವಮಿ, ಅಂದರೆ ಆಯುಧಪೂಜೆ, ಆಗಿ ನಾಲ್ಕು ದಿನವಾಗಿತ್ತು. ಕಂಪ್ಯೂಟರ್ ಚಾಲೂ ಆಗುತ್ತಿತ್ತು, ಎರಡು ನಿಮಿಷಕ್ಕೆ ಕಾದು ಬಂದ್ ಬೀಳುತ್ತಿತ್ತು.

ಕಂಪ್ಯೂಟರಿನ ಡಬ್ಬಿ ನೋಡಿದೊಡನೆ ಕಾರಣ ತಿಳಿಯಿತು. ಹಬ್ಬದ ದಿನ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ, ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಚೆಂಡುಹೂವು ಸಿಗಿಸಿದ್ದರು. ಒಂದು ಹೂವು ಒಳಗೆ ಜಾರಿ ಫ್ಯಾನಿಗೆ ಸಿಕ್ಕಿತ್ತು. ಬಿಚ್ಚಿ ಅದನ್ನು ಚಿಮಟಿಗೆಯಿಂದ ಎಳೆಯುವಾಗ ಕೈ ಜಾರಿ ಹೂವು ನೆಲಕ್ಕೆ ಬಿತ್ತು.

ಬಾಗಿಲಲ್ಲಿ ಕುಳಿತಿದ್ದ ಆ ಮನೆಯ ಅಜ್ಜಿ ಎದ್ದು ನಿಂತಳು. "ಯವ್ವಾ, ಹೂ ಯಾವ ಕಡೆ ಬಿತ್ತು? ಬಲಕ್ಕೋ, ಎಡಕ್ಕೋ?"

ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಮನಸ್ಸಿನಲ್ಲಿದ್ದ ಕೆಲಸ ಆಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಜ್ಜಿಯ ಮನಸ್ಸಿನಲ್ಲಿ ಮೊಮ್ಮಗನಿಗೆ ಕನ್ಯಾ ಗಟ್ಟಿಯಾಗಬೇಕು ಎಂಬುದಿತ್ತು. ಆ ಸೋಮವಾರ ಹೆಣ್ಣಿನ ಕಡೆಯವರು ಬರುವವರಿದ್ದರು.

"ನನ್ನ ಎಡಕ್ಕ ಬಿತ್ತರಿ, ಅಜ್ಜಿ" ಅಂದೆ. ಮುದುಕಿಯ ಮುಖ ಸಣ್ಣದಾಯಿತು. ನಾನು ತಡೆಯಲಾರದೆ, "ಆದರ ಡಬ್ಬಿ ನನ್ನ ಕಡೆ ಮುಖಾ ಮಾಡಿತ್ತಲ್ರಿ. ಅದರ ಬಲಕ್ಕ ಆತು" ಅಂದೆ. ಅಜ್ಜಿ ಆ ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ತಿಂಗಳಿಗೆ ಅಜ್ಜಿಯ ಫೋನು ಬಂತು. "ಕನ್ಯಾ ಗಟ್ಟಿ ಆತು ತಂಗಿ. ಲಗ್ನಕ್ಕ ನೀ ಬರಬೇಕ ನೋಡು. ಮತ್ತ ಮಗ್ಗಲಮನಿಯಾಕಿನೂ ತನ್ನ ಮಗಂದ ಕೇಳಾಕತ್ತಾಳ, ಆ ಡಬ್ಬಿ ಇನ್ನೊಮ್ಮಿ ಯಾವಾಗ ಬಿಚ್ಚತೀ?"

ಮೂರು ಶಿಟ್ಟಿ

ನಿಪ್ಪಾಣಿಯ ಒಬ್ಬ ಆಯಿ, ಮರಾಠಿ ಮನೆಯ ಹಿರಿಯರು. ಮಗ, ಸೊಸೆ ನೌಕರಿಗೆ ಹೋದಾಗ ಫೋನ್ ಮಾಡಿದರು. ಅವರು ಮಹಿಳಾ ಸಂಘದ ಕಾರ್ಯದರ್ಶಿ. ಸಂಜೆಯ ಸಭೆಗೆ ಓದಬೇಕಾದ ವರದಿ ಕಂಪ್ಯೂಟರಿನಲ್ಲೇ ಉಳಿದಿತ್ತು. ನನ್ನ ಸ್ಕೂಟರ್ ಅವತ್ತು ಗ್ಯಾರೇಜಿನಲ್ಲಿತ್ತು.

"ಬಟನ್ ಒತ್ತಿದರ ಏನಾಗ್ತೈತ್ರಿ ಆಯಿ?"

"ತೀನ್ ಶಿಟ್ಟ್ಯಾ" ಅಂದರು. ಮೂರು ಸೀಟಿ. "ಮೂರೂ ಉದ್ದಾನ ಅದಾವ. ನಡಕ ಉಸರ ತಗೋತೈತಿ, ಮತ್ತ ಮೂರ ಹೊಡೀತೈತಿ. ಬ್ಯಾಳಿ ಕುದಸೂ ಕುಕ್ಕರಿನ ಶಿಟ್ಟಿ ಅಲ್ಲ, ಸಣ್ಣ ದನೀದು."

ಸೀಟಿಯನ್ನು ಇಷ್ಟು ಸರಿಯಾಗಿ ಎಣಿಸಿ ಹೇಳಿದ ಗಿರಾಕಿ ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಇಂಜಿನಿಯರುಗಳೂ "ಏನೋ ಕುಂಯ್ ಅಂತೈತಿ" ಎನ್ನುತ್ತಾರೆ. ಒಳಗಿನ ರ್‍ಯಾಮ್ ಪಟ್ಟಿ ಸರಿಯಾಗಿ ಕುಳಿತಿಲ್ಲ ಎಂದು ನನಗೆ ಕುಳಿತಲ್ಲೇ ಗೊತ್ತಾಯಿತು. ಮೊದಲು ಪ್ಲಗ್ ಕೀಳಿಸಿದೆ. ಆಮೇಲೆ ಫೋನಿನಲ್ಲೇ ಒಂದೊಂದೇ ಹೇಳುತ್ತ ಹೋದೆ: ಮಗ್ಗಲಿನ ತಗಡು ಬಿಚ್ಚಬೇಕು, ಉದ್ದನೆಯ ಪಟ್ಟಿ ಹೊರಗೆ ತೆಗೆಯಬೇಕು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಸಾಲಿ ಹುಡುಗರ ರಬ್ಬರಿನಿಂದ ತಿಕ್ಕಬೇಕು, 'ಟಕ್' ಅನ್ನುವ ತನಕ ಒತ್ತಿ ಕೂಡಿಸಬೇಕು.

ಹತ್ತು ನಿಮಿಷಕ್ಕೆ ಕಂಪ್ಯೂಟರ್ ಚಾಲೂ ಆಯಿತು. "ಅಂಜಿಕಿ ಬರಲಿಲ್ಲೇನ್ರಿ?" ಎಂದು ಕೇಳಿದೆ.

"ಇದರಾಗ ಏನ ಅಂಜಿಕಿ. ಕುಕ್ಕರಿನ ಗ್ಯಾಸ್ಕೆಟ್ ಹಾಕೂದ ಇದಕಿಂತಾ ತ್ರಾಸ ಐತಿ."

ಎಂಟು ದಿನದ ಮೇಲೆ ಮತ್ತೆ ಅವರ ಫೋನು. ಈ ಸಲ ದನಿ ದೊಡ್ಡ ಡಾಕ್ಟರದ್ದು. "ನಮ್ಮ ಓಣ್ಯಾಗ ಒಬ್ಬರದು ಶಿಟ್ಟೀನ ಹೊಡೀವಲ್ಲದು. ನಾ ಬಿಚ್ಚಿ ನೋಡಿದ್ನಿ. ಕೇಸ್ ಕಠಿಣ ಐತಿ, ನೀನ ಬರಬೇಕಾಗ್ತೈತಿ."

ಎರಡು ಏಟು

ಕಾಗವಾಡದಲ್ಲಿ ನಿವೃತ್ತರಾದ ಒಬ್ಬ ನರ್ಸ್‌ಬಾಯಿ ಇದ್ದಾರೆ. ನೌಕರಿಯಲ್ಲಿದ್ದಾಗ ಸುತ್ತಲಿನ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವರು. ಪ್ರತಿ ಹೆರಿಗೆಯನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಜಾತಕಕ್ಕೆಂದು ಹುಟ್ಟಿದ ವೇಳೆ ಕೇಳಲಿಕ್ಕೆ ಇವತ್ತಿಗೂ ಜನ ಅವರ ಮನೆಗೆ ಬರುತ್ತಾರೆ. "ನಾವು ಬುದ್ಧನ್ನ ನಂಬೂ ಮಂದಿ, ಜಾತಕಾ ಒಪ್ಪೂದಿಲ್ಲ. ಆದರ ವೇಳ್ಯಾ ಖರೆ ಇರಬೇಕಲಾ" ಎಂದು ತೆಗೆದು ಹೇಳುತ್ತಾರೆ.

ನೋಟ್‌ಬುಕ್ಕುಗಳಿಗೆ ಗೆದ್ದಲು ಹತ್ತಿದಾಗ ಅವರು ಒಂದೇ ಬೆರಳಿನಿಂದ ಎರಡು ವರ್ಷ ಟೈಪ್ ಮಾಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದರು. ಆಮೇಲೆ ನೋಟ್‌ಬುಕ್ಕುಗಳನ್ನು ಸುಟ್ಟುಬಿಟ್ಟಿದ್ದರು. ಈಗ ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ನಿಂತಿತ್ತು.

ಹಾರ್ಡ್‌ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಳಗಿನಿಂದ ಟಿಕ್ ಟಿಕ್ ಸದ್ದು. ಅದು ಕೆಟ್ಟುಹೋಗುತ್ತಿರುವ ಡಿಸ್ಕಿನ ಸದ್ದು. ನರ್ಸ್‌ಬಾಯಿ ಎದುರಿಗೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ನನ್ನ ಮುಖ ನೋಡಿ ಸುಲಿಯುವುದು ನಿಲ್ಲಿಸಿದರು. ಎರಡು ತಾಸು ಆ ಡಿಸ್ಕು ಕುಂಟುತ್ತ ಕುಂಟುತ್ತ ಕೊನೆಗೂ ಕಡತ ಬಿಟ್ಟುಕೊಟ್ಟಿತು. ಎರಡು ಪೆನ್‌ಡ್ರೈವಿಗೆ ಹಾಕಿ ಕೈಗಿಟ್ಟೆ. ಅವರು ಚಷ್ಮಾ ತೆಗೆದು ಒರೆಸಿಕೊಂಡರು.

"ಯಾವೂರಾಕಿ ನೀನು?" ಅಂದರು.

"ಚಿಕ್ಕೋಡಿರಿ. ತಾಯಿ ತವರಮನಿ ಇಲ್ಲೇ, ಕಾಗವಾಡ. ನಾ ಹುಟ್ಟಿದ್ದೂ ಇಲ್ಲೇ ಅಂತ."

"ತಾಯಿ ಹೆಸರ ಹಾಕಿ ನೋಡು."

ಹಾಕಿದೆ. ಒಂದು ಸಾಲು ಬಂತು: 'ಚೊಚ್ಚಲು. ಹೆಣ್ಣು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕೂಸು ಅಳಲಿಲ್ಲ, ಉಸಿರು ಇಲ್ಲ. ತಲೆಕೆಳಗೆ ಹಿಡಿದು ಬೆನ್ನಿಗೆ ಎರಡು ಏಟು. ಚಾಲೂ ಆಯಿತು.'

ನನ್ನ ತಾಯಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಕಾಲಿಗೆ ಬೀಳಲು ಹೋದೆ, ಅವರು ರಟ್ಟೆ ಹಿಡಿದು ಎಬ್ಬಿಸಿದರು.

"ಅಂದ್ರ ನಾನೂ ಮೊದಲನೇ ಸಲಕ್ಕ ಚಾಲೂ ಆಗಿರಲಿಲ್ಲೇನ್ರಿ?" ಅಂದೆ.

"ಇಲ್ಲವಾ. ಮೈಯೆಲ್ಲಾ ಬೆವತಿತ್ತ ನಂದು." ಅವರು ನನ್ನ ಬೆನ್ನ ಮೇಲೆ ಕೈಯಾಡಿಸಿದರು. ಆಮೇಲೆ ಬಿಚ್ಚಿ ಬಿದ್ದಿದ್ದ ಕಂಪ್ಯೂಟರಿನ ಕಡೆ ನೋಡಿ ಅಂದರು: "ನಿನ್ನೆ ಇದಕ್ಕೂ ಹಂಗ ಬೆನ್ನಿಗೆ ಎರಡ ಕೊಟ್ಟಿದ್ನಿ. ಇದು ನಿನ್ನಷ್ಟ ಮಾತ ಕೇಳಲಿಲ್ಲ."