ಎರಡನೇ ಸಲ ಕೇಳದ ಫ್ರೆಂಚ್ ಹೋಟೆಲು

ಹಸಿವನ್ನು ನಾನು ಎಷ್ಟು ಹೊತ್ತು ಬೇಕಾದರೂ ತಡೆದುಕೊಳ್ಳಬಲ್ಲೆ, ಆದರೆ ಹಸಿವಾಗಿದೆ ಎಂದು ಇನ್ನೊಬ್ಬರ ಮುಂದೆ ಬಾಯಿ ಬಿಟ್ಟು ಹೇಳಲಾರೆ. ಇದು ನನ್ನೊಬ್ಬನ ಕಾಯಿಲೆಯೇನೂ ಅಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಹುಟ್ಟಿ ಬೆಳೆದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಇದೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ‘ಊಟಕ್ಕೇಳಿ’ ಎಂದರೆ ‘ಈಗಷ್ಟೇ ಆಯ್ತು’ ಎನ್ನಬೇಕು. ಎರಡನೇ ಸಲ ಕರೆದರೆ ‘ಸುಮ್ಮನೆ ನಿಮಗೆ ತೊಂದರೆ’ ಎನ್ನಬೇಕು. ಮೂರನೇ ಸಲ ರಟ್ಟೆ ಹಿಡಿದು ಎಬ್ಬಿಸಿದಾಗ ‘ನಿಮ್ಮ ಒತ್ತಾಯಕ್ಕೆ ಎರಡೇ ತುತ್ತು’ ಎಂದು ಕೂತು, ಮನೆಯವರು ಇನ್ನೊಮ್ಮೆ ಅನ್ನಕ್ಕಿಡುವ ಹಾಗೆ ಮಾಡಿ ಏಳಬೇಕು. ಬಡಿಸುವವರಿಗೂ ಇದೆಲ್ಲ ಗೊತ್ತು. ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲೇ ಪಾಯಸ ಇಳಿಸುವ ನಿಪುಣರು ಇದ್ದಾರೆ. ಮುತ್ತಿನಕೊಪ್ಪದ ಒಂದು ಮದುವೆಯಲ್ಲಿ ನಮ್ಮ ಸೋದರಮಾವ ನಿಜವಾಗಿಯೂ ಹೊಟ್ಟೆ ಬಿರಿಯುವಂತೆ ಉಂಡು, ಬೇರೆ ದಾರಿ ಕಾಣದೆ ಎಲೆಯ ಮೇಲೆ ಕವುಚಿ ಮಲಗಿಬಿಟ್ಟಿದ್ದರು. ಬಡಿಸುವವರು ಹೋಳಿಗೆಯನ್ನು ಅವರ ಜುಬ್ಬಾದ ಪಕ್ಕದ ಜೇಬಿಗೆ ಹಾಕಿ ಮುಂದೆ ಹೋದರು. ಮಾವ ಅದನ್ನು ಇವತ್ತಿಗೂ ದೂರಾಗಿ ಹೇಳುವುದಿಲ್ಲ, ಆ ಮನೆಯವರ ಉಪಚಾರದ ದೊಡ್ಡಸ್ತಿಕೆಯಾಗಿ ಹೇಳುತ್ತಾರೆ.

ಇಂಥ ಊರಿಗೆ ಒಂದು ಫ್ರೆಂಚ್ ಹೋಟೆಲು ಬಂತು. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಮುಂದೆ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅದರ ಮಹಡಿ ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಅದನ್ನು ಹಿಡಿದವಳು ನನ್ನ ಹೆಂಡತಿಯ ಅಕ್ಕನ ಮಗಳು ವಿನುತಾ. ಶೃಂಗೇರಿ ಹತ್ತಿರದ ನೆಮ್ಮಾರಿನ ಈ ಹುಡುಗಿ ಪುದುಚೇರಿಯ ಒಂದು ಹೋಟೆಲಿನಲ್ಲಿ ಫ್ರೆಂಚ್ ಅಡುಗೆ ಕಲಿತು, ಅಲ್ಲೇ ಬಡಿಸುವ ಕೆಲಸದಲ್ಲಿದ್ದ ಆಂಟನಿಯನ್ನು ಮದುವೆಯಾಗಿ, ಇಬ್ಬರೂ ಸೇರಿ ನಮ್ಮೂರಿಗೇ ಬಂದು ‘ಬಿಸ್ಟ್ರೋ’ ಎಂದು ಬೋರ್ಡು ಹಾಕಿದರು. ಫ್ರಾನ್ಸಿನಲ್ಲಿ ಬೀದಿ ಮೂಲೆಯ ಸಣ್ಣ ಊಟದ ಹೋಟೆಲಿಗೆ ಹಾಗೆನ್ನುತ್ತಾರಂತೆ. ಅವಳು ಒಳಗೆ ಒಲೆಯ ಮುಂದೆ, ಅವನು ಹೊರಗೆ ಮೇಜುಗಳ ನಡುವೆ. ಬೆಳಗ್ಗೆ ಹತ್ತಾಗುವಷ್ಟರಲ್ಲಿ ಬೆಣ್ಣೆ ಕಾಯುವ ಘಮ ಮೆಟ್ಟಿಲಿಳಿದು ನನ್ನ ಅಂಗಡಿಗೆ ಬರುತ್ತಿತ್ತು. ಕಣ್ಣು ಪರೀಕ್ಷೆಗೆ ಕೂತವರು ಅಕ್ಷರದ ಪಟ ಬಿಟ್ಟು ತಲೆಯೆತ್ತಿ ಮಾಡು ನೋಡುತ್ತಿದ್ದರು. ಹೋಟೆಲು ಬಾಗಿಲು ತೆರೆದ ವಾರದಲ್ಲೇ ಹೆಸರಾಯಿತು. ಶೃಂಗೇರಿಗೆ ಹೋಗುವ ಕಾರುಗಳು ನಿಲ್ಲತೊಡಗಿದವು. ಶಿವಮೊಗ್ಗದಿಂದ ನೆಂಟರು ಬಂದರೆ ‘ನಮ್ಮಲ್ಲೂ ಫ್ರೆಂಚ್ ಊಟ ಸಿಕ್ತದೆ ಮಾರಾಯ್ರೆ’ ಎಂದು ಮೆಟ್ಟಿಲು ಹತ್ತಿಸಿಕೊಂಡು ಹೋಗುವುದು ಊರಿಗೇ ಮರ್ಯಾದೆಯ ಪ್ರಶ್ನೆಯಾಯಿತು.

ಮೊದಲನೇ ದಿನದ ಮೊದಲನೇ ಗಿರಾಕಿ ನಾನೇ. ಆಂಟನಿ ಬಿಳೀ ಅಂಗಿಯಲ್ಲಿ ನಗುತ್ತ ಬಂದು, ಮೇಲೆ ಚೀಸ್ ಕರಗಿ ಕೂತಿದ್ದ ಈರುಳ್ಳಿ ಸೂಪನ್ನು ಒಂದು ದೊಡ್ಡ ಬಟ್ಟಲಿನಲ್ಲಿ ತಂದಿಟ್ಟ. ಜೊತೆಗೆ ಮೊಳದುದ್ದದ ಬ್ರೆಡ್ಡು. ಆಮೇಲೆ ಬದನೆಕಾಯಿ, ಟೊಮ್ಯಾಟೊ, ದೊಣ್ಣೆಮೆಣಸು ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿದ ಒಂದು ಪಲ್ಯ. ಬದನೆಕಾಯಿ ಎಂದರೆ ಮಾರುದೂರ ಓಡುವ ನನಗೇ ಅದನ್ನು ಕಂಡು ಬಾಯಲ್ಲಿ ನೀರೂರಿತು. ಆದರೆ ಬಾಯಿ ತನ್ನ ಅಭ್ಯಾಸ ಬಿಡಬೇಕಲ್ಲ. ‘ಅಯ್ಯಯ್ಯೋ, ಇಷ್ಟೊಂದಾ! ಯಾರಪ್ಪಾ ತಿನ್ನೋದು ಇದನ್ನ?’ ಎಂದೆ. ಆಂಟನಿ ಗಂಭೀರವಾಗಿ ತಲೆಯಾಡಿಸಿದ. ಬಟ್ಟಲು ಕ್ಷಣದಲ್ಲಿ ಖಾಲಿಯಾಯಿತು. ಅವನು ಸೂಪಿನ ಪಾತ್ರೆ ಹಿಡಿದು ಬಂದು ‘ಇನ್ನೂ ಬೇಕಾ ಸಾರ್?’ ಎಂದ. ನಾನು ‘ಬೇಡ, ಬೇಡ’ ಎನ್ನುತ್ತ, ಸೌಟು ಇಳಿಯಲು ಜಾಗವಾಗಲಿ ಎಂದು ಬಟ್ಟಲನ್ನು ಸ್ವಲ್ಪ ಅವನ ಕಡೆಗೇ ಸರಿಸಿದೆ. ಅವನು ಬಗ್ಗಿ ವಂದಿಸಿದ. ಪಾತ್ರೆ ಸಮೇತ ತಿರುಗಿ ಒಳಗೆ ಹೋದ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಮರೆತು ಹೋಗಿರಬೇಕು, ಈಗ ಬರುತ್ತಾನೆ ಎಂದು ಚಮಚ ಹಿಡಿದುಕೊಂಡೇ ಬಹಳ ಹೊತ್ತು ಕಾದೆ. ಬಂದದ್ದು ಕೈ ಒರೆಸುವ ಬಟ್ಟೆ.

ಕೆಳಗಿಳಿದು ಬಂದವನಿಗೆ ಎದುರಾದವರು ಪಕ್ಕದ ಚಪ್ಪಲಿ ಅಂಗಡಿಯ ಇಸ್ಮಾಯಿಲ್ ಸಾಬರು. ಅವರೂ ಅದೇ ದಿನ ಮೇಲೆ ಮೂಲೆಯ ಮೇಜಿನಲ್ಲಿ ಉಂಡಿದ್ದರು. ‘ಹೆಂಗಿತ್ತು ಸಾಬ್ರೆ?’ ಎಂದೆ. ‘ಭಾರಿ ಲಾಯ್ಕ ಭಟ್ರೆ, ಹೊಟ್ಟೆ ಭರ್ತಿ’ ಎಂದರು. ‘ನಂದೂ ಹಂಗೇ’ ಎಂದೆ. ಇಬ್ಬರೂ ಸಂತೃಪ್ತಿಯಿಂದ ಒಬ್ಬರನ್ನೊಬ್ಬರು ನೋಡಿಕೊಂಡು ನಮ್ಮ ನಮ್ಮ ಅಂಗಡಿ ಹೊಕ್ಕೆವು. ಸ್ವಲ್ಪ ಹೊತ್ತಿಗೆ ಕರುಳು ಚುರ್ರೆಂದು, ಬಸ್ ಸ್ಟ್ಯಾಂಡಿನ ಹಿಂದಿನ ಕ್ಯಾಂಟೀನಿಗೆ ಯಾರಿಗೂ ಕಾಣದಂತೆ ಹೋದೆ. ಒಳಗೆ ಸಾಬರು ಎರಡು ಬನ್ಸ್ ಮುಂದಿಟ್ಟುಕೊಂಡು ಕೂತಿದ್ದರು. ‘ಒಂದು ಚಾ ಕುಡಿಯುವಾ ಅಂತ ಬಂದೆ’ ಎಂದರು, ಬಾಯಿ ತುಂಬ ಬನ್ಸ್ ಇಟ್ಟುಕೊಂಡು. ‘ನಾನೂ ಚಾಕ್ಕೇ’ ಎಂದು ಅವಲಕ್ಕಿ ಹೇಳಿದೆ. ಮೇಲಿನ ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಗಂಡಹೆಂಡತಿ ಈಗ ಆಚೆ ಬೆಂಚಿನಲ್ಲಿ ಚಿತ್ರಾನ್ನದ ಮೇಲೆ ಬಗ್ಗಿದ್ದರು. ಅವರೂ ಚಾಕ್ಕೇ ಬಂದದ್ದು. ಕ್ಯಾಂಟೀನಿನವನಿಗೆ ಅಂಥ ವ್ಯಾಪಾರ ಹಿಂದೆ ಯಾವತ್ತೂ ಆಗಿರಲಿಕ್ಕಿಲ್ಲ. ಫ್ರೆಂಚರು ಊರಿಗೆ ಬಂದದ್ದು ಒಳ್ಳೆಯದಾಯಿತು ಎಂದು ಅವನು ಮಾತ್ರ ಮನಸಾರೆ ಹೇಳುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಆದರೆ ದಿನ ಕಳೆದಂತೆ ಮೇಲಿನ ಬಟ್ಟಲುಗಳು ಸಣ್ಣವಾಗತೊಡಗಿದವು. ಬಂದವರೆಲ್ಲ ತಟ್ಟೆ ನೋಡಿದ ಕೂಡಲೇ ‘ಇಷ್ಟೊಂದಾ!’ ಎಂದು ಉದ್ಗರಿಸುವುದು, ಕೇಳಿದ ಕೂಡಲೇ ‘ಸಾಕು, ಸಾಕು’ ಎನ್ನುವುದು. ಆಂಟನಿ ಪ್ರಾಮಾಣಿಕ ಮನುಷ್ಯ. ಊರಿನವರಿಗೆ ಹೆಚ್ಚಾಗುತ್ತಿದೆ ಎಂದು ಅಡುಗೆಮನೆಗೆ ವರದಿ ಮಾಡಿದ. ವಿನುತಾ ಸೌಟು ಸಣ್ಣದು ಮಾಡಿದಳು. ಆಮೇಲೂ ಜನ ‘ಇಷ್ಟೊಂದಾ!’ ಎಂದರು. ಕೊನೆಗೆ ಮೊರದಷ್ಟು ಅಗಲದ ತಟ್ಟೆಯ ನಟ್ಟನಡುವೆ ಒಂದು ಹಿಡಿ ಬದನೆಕಾಯಿ ಪಲ್ಯ ಕೂತಿರುತ್ತಿತ್ತು. ನಾವು ಅದನ್ನೂ ನೋಡಿ ‘ಇಷ್ಟೊಂದಾ!’ ಎಂದೆವು. ನಿಜ ಹೇಳಬೇಕೆಂದರೆ ಈ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ನನ್ನ ಅಂಗಡಿಯಲ್ಲಿ ದಿನಾ ನಡೆಯುವುದೂ ಅದೇ. ‘ಕೆಳಗಿನ ಸಾಲು ಕಾಣ್ತದಾ?’ ಎಂದು ಕೇಳಿದರೆ, ನಾನು ಅಷ್ಟು ಹೊತ್ತು ಗಾಜು ಬದಲಿಸಿ ದಣಿದಿದ್ದೇನೆ, ನನಗೆ ಬೇಜಾರಾದೀತು ಎಂದು ಗಿರಾಕಿಗಳು ‘ಲಾಯ್ಕ ಕಾಣ್ತದೆ’ ಎಂದುಬಿಡುತ್ತಾರೆ. ಭಂಡಿಗಡಿಯ ಹಿರಿಯರೊಬ್ಬರು ಹಾಗೆ ಹೇಳಿ, ಕನ್ನಡಕ ಹಾಕಿಕೊಂಡು, ನನ್ನ ಪಕ್ಕದಲ್ಲಿದ್ದ ಕಬ್ಬಿಣದ ಬೀರುವಿಗೆ ಕೈ ಮುಗಿದು ಹೊರಟಿದ್ದರು. ಸಾಬರ ಅಂಗಡಿಯಲ್ಲೂ ಹಾಗೆಯೇ, ಕಾಲು ಕಚ್ಚುವ ಚಪ್ಪಲಿಯನ್ನು ‘ಸರಿಯಾಯ್ತು’ ಎಂದು ಕೊಂಡು, ಬಸ್ ಸ್ಟ್ಯಾಂಡಿನವರೆಗೆ ಕುಂಟುತ್ತ ಹೋಗುವವರು ಬೇಕಾದಷ್ಟು ಜನ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ. ಸಾಬರೂ ನನ್ನ ಅಂಗಡಿಯಲ್ಲೇ ಇದ್ದರು. ಕ್ಯಾಂಟೀನಿಗೆ ಮೊದಲು ಯಾರು ಏಳುವುದು ಎಂಬ ಸಂಕೋಚದಲ್ಲಿ ಇಬ್ಬರೂ ಹವಾಮಾನದ ಮಾತು ಆಡುತ್ತಿದ್ದೆವು. ವಿನುತಾ ಮೆಟ್ಟಿಲಿಳಿದು ಬಂದಳು. ಕಣ್ಣು ಕೆಂಪಾಗಿತ್ತು. ಗಿರಾಕಿಯ ಸ್ಟೂಲಿನ ಮೇಲೆ ಕೂತು ‘ಚಿಕ್ಕಪ್ಪ, ಬರೋ ತಿಂಗಳಿಂದ ಮಧ್ಯಾಹ್ನದ ಊಟ ನಿಲ್ಲಿಸ್ತೀನಿ. ಬರೀ ಕಾಫಿ, ಕೇಕು ಸಾಕು’ ಎಂದಳು. ‘ಎಂತಕ್ಕೆ ಮಾರಾಯ್ತಿ? ಕೂರೋಕೆ ಜಾಗ ಇಲ್ಲ ಅಲ್ಲಿ’ ಎಂದೆ. ‘ಜನ ನೋಡೋಕೆ ಬರ್ತಾರೆ ಅಷ್ಟೇ. ಯಾರಿಗೂ ನನ್ನ ಅಡುಗೆ ಸೇರ್ತಾ ಇಲ್ಲ. ಎರಡನೇ ಸಲ ಹಾಕಿಸ್ಕೊಂಡವರು ಇವತ್ತಿನವರೆಗೆ ಒಬ್ಬರಿಲ್ಲ. ಪಾತ್ರೆ ತುಂಬ ಸೂಪು ದಿನಾ ಉಳೀತದೆ. ನಾವಿಬ್ಬರೇ ರಾತ್ರಿ ಅದನ್ನ ಕುಡೀತೀವಿ. ಅಷ್ಟೆಲ್ಲ ಯಾಕೆ, ನೀವೇ ದಿನಾ ಬೇಡ ಅಂತೀರಂತೆ’ ಎಂದಳು. ಕೊನೆಯ ಮಾತು ಹೇಳುತ್ತ ಕಣ್ಣೊರೆಸಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು. ಮೇಲೆ ಪಾತ್ರೆಗಟ್ಟಲೆ ಸೂಪು, ಕೆಳಗೆ ಹಸಿದ ಊರು, ನಡುವೆ ಅಳುವ ಹುಡುಗಿ. ಈಗಲೂ ಬಾಯಿ ಮುಚ್ಚಿ ಕೂತರೆ ನಾನು ಚಿಕ್ಕಪ್ಪನೂ ಅಲ್ಲ, ಮನುಷ್ಯನೂ ಅಲ್ಲ ಅನ್ನಿಸಿತು.

ಆದರೂ ಮಾತು ಸುಲಭಕ್ಕೆ ಹೊರಡಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ಈರುಳ್ಳಿ ಜೀರ್ಣಕ್ಕೆ ಒಳ್ಳೆಯದು ಎಂದೆ. ಬ್ರೆಡ್ಡು ಎಷ್ಟಾದರೂ ಹಗುರ ಎಂದೆ. ಸಾಬರು ನೆಲ ನೋಡುತ್ತಿದ್ದರು. ಕಡೆಗೆ ಕಣ್ಣು ಮುಚ್ಚಿಕೊಂಡು, ಜೀವಮಾನದಲ್ಲಿ ಮೊದಲ ಸಲ, ‘ವಿನುತಾ, ನಂಗೆ ಹಸಿವಾಗ್ತಾ ಉಂಟು’ ಎಂದೆ. ಅವಳು ಬೆಚ್ಚಿದಳು. ‘ಈಗ ತಾನೇ ಉಂಡು ಬಂದ್ರಲ್ಲ ಚಿಕ್ಕಪ್ಪ?’ ‘ಅದಕ್ಕೇ.’ ಸಾಬರು ತಲೆ ಎತ್ತದೆ ‘ನಂಗೂ ಹಂಗೇ ಮಗಾ’ ಎಂದರು. ವಿನುತಾ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಅವಳೂ ನೆಮ್ಮಾರಿನವಳೇ ಅಲ್ಲವೆ, ಏನೋ ಹೊಳೆಯಿತು. ಬಾಗಿಲಿಗೆ ಹೋಗಿ ‘ಆಂಟನೀ!’ ಎಂದು ಕೂಗಿದಳು. ಅವನು ಗಡಿಬಿಡಿಯಲ್ಲಿ ಇಳಿದು ಬಂದ. ‘ಗಿರಾಕಿಗಳ ಹತ್ರ ಇನ್ನೂ ಬೇಕಾ ಅಂತ ಎಷ್ಟು ಸಲ ಕೇಳ್ತೀಯ?’ ‘ಒಂದು ಸಲ.’ ‘ಒಂದೇ ಸಲ?’ ‘ಒಂದೇ ಸಲ. ಪುದುಚೇರಿ ಹೋಟೆಲಲ್ಲಿ ನಮ್ಮ ಫ್ರೆಂಚ್ ದೊರೆ ಹೇಳಿಕೊಟ್ಟಿದ್ದಾರೆ. ಬೇಡ ಅಂದವರನ್ನ ಮತ್ತೆ ಕೇಳೋದು ಅವರಿಗೆ ಅವಮಾನ’ ಎಂದು ಅವನು ಹೆಮ್ಮೆಯಿಂದ ಹೇಳಿದ. ವಿನುತಾ ಸ್ಟೂಲಿನ ಮೇಲೆ ಕುಸಿದು, ಗೋಡೆಗೆ ತಲೆ ಆನಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ನಾನು ಹೆಂಗೆ ಮರೆತೆ! ನಮ್ಮಜ್ಜಿ ನಂಟರನ್ನ ಗೇಟಿನವರೆಗೆ ಅಟ್ಟಿಸ್ಕೊಂಡು ಹೋಗಿ ಬಡಿಸ್ತಿದ್ರಲ್ಲ!’ ಸಾಬರೂ ನಕ್ಕರು, ನಾನೂ ನಕ್ಕೆ. ಏನೂ ಅರ್ಥವಾಗದ ಆಂಟನಿ ಮರ್ಯಾದೆಗೆ ನಕ್ಕ. ಆಮೇಲೆ ಅವಳು ನಮ್ಮಿಬ್ಬರನ್ನೂ ಮೇಲೆ ಕರೆದೊಯ್ದು ಸೂಪಿನ ಪಾತ್ರೆಯ ಪಕ್ಕದಲ್ಲೇ ಕೂರಿಸಿದಳು. ನಾವು ಬೇಡ ಎಂದೆವು. ಅವಳು ಬಡಿಸಿದಳು. ಅಷ್ಟು ರುಚಿಯಾದ ಊಟವನ್ನು ನಾನು ಈಚೆಗೆ ಮಾಡಿರಲಿಲ್ಲ.

ಮರುದಿನದಿಂದ ಅಡುಗೆ ಇಳಿಸಿದ ಮೇಲೆ ವಿನುತಾಳೇ ಸೌಟು ಹಿಡಿದು ಹೊರಗೆ ಬರತೊಡಗಿದಳು. ‘ಬೇಡ ಅನ್ನಬೇಡಿ, ಕೈ ತೆಗೀರಿ, ಇದೊಂದು ಸೌಟು ನನ್ನ ಲೆಕ್ಕಕ್ಕೆ’ ಎಂದು ಫ್ರೆಂಚ್ ಬದನೆಕಾಯಿ ಸುರಿದಳು. ಊರು ‘ಅಯ್ಯೋ ಅಯ್ಯೋ’ ಎನ್ನುತ್ತ ಆನಂದದಿಂದ ಉಂಡಿತು. ಕ್ಯಾಂಟೀನಿನವನು ಒಬ್ಬನೇ ಪೆಚ್ಚಾದ. ಆಂಟನಿಯೂ ಬೇಗ ಕಲಿತ, ಸ್ವಲ್ಪ ಅತಿಯಾಗಿಯೇ ಕಲಿತ. ಹೊರಗಿನಿಂದ ಬಂದ ಪ್ರವಾಸಿಯೊಬ್ಬರು ತಟ್ಟೆಯನ್ನು ಎದೆಗವಚಿಕೊಂಡು ಮೇಜು ಸುತ್ತಿದರೂ ಅವನು ಬಿಡದೆ ಸೂಪು ಹಾಕಿದ್ದನ್ನು ನಾನೇ ಕಣ್ಣಾರೆ ಕಂಡೆ. ಅವರು ಹೋಗುವಾಗ ಇಂಥ ಫ್ರೆಂಚ್ ಊಟ ಫ್ರಾನ್ಸಿನಲ್ಲೂ ಸಿಗುವುದಿಲ್ಲ ಎಂದರು. ಊಟ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಒಂದು ಊಟವನ್ನು ಉಳಿಸಿದ ಹೆಮ್ಮೆ ನನಗೆ ಸಾಕಷ್ಟು ಇತ್ತು, ಅದನ್ನು ನಾನು ಮುಚ್ಚಿಡಲೂ ಇಲ್ಲ.

ಆ ಹೆಮ್ಮೆಯಲ್ಲೇ ಮನೆಯಲ್ಲಿ ಹೆಂಡತಿ ಸುಮಿತ್ರಾಳ ಮುಂದೆ ಇಡೀ ಕಥೆಯನ್ನು ಅಭಿನಯಿಸಿ ಹೇಳಿದೆ. ಪಾತ್ರೆ ತಿರುಗಿ ಹೋದದ್ದನ್ನು, ಚಮಚ ಹಿಡಿದು ಕಾದದ್ದನ್ನು, ಆಂಟನಿಯ ‘ಒಂದೇ ಸಲ’ವನ್ನು. ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. ‘ಒಂದು ಸಲ ಕೇಳಿದ್ರೆ ಸಾಕಂತಾ?’ ಎಂದಳು. ‘ಅವರಲ್ಲಿ ಹಂಗಂತೆ’ ಎಂದೆ. ‘ಮದುವೆ ಆದಾಗಿಂದ ನಿಮ್ಮ ಮುಂದೆ ಸೌಟು ಹಿಡ್ಕೊಂಡು ನಿಂತು ನಿಂತು ನನ್ನ ಸೊಂಟ ಹೋಯ್ತು. ಒಂದಿನವಾದ್ರೂ ಮೊದಲನೇ ಸಲಕ್ಕೇ ಹಾಕು ಅಂದಿದೀರಾ? ಆ ಆಂಟನಿ ಒಳ್ಳೆ ಹುಡುಗ ಕಾಣಿ’ ಎಂದಳು. ಮರುದಿನ ರಾತ್ರಿ ಊಟಕ್ಕೆ ಕೂತಾಗ ಹಲಸಿನಕಾಯಿ ಹುಳಿ ಅದ್ಭುತವಾಗಿತ್ತು. ‘ಇನ್ನೂ ಹಾಕ್ಲಾ?’ ಎಂದಳು. ‘ಬೇಡ’ ಎಂದೆ. ಅವಳು ನನ್ನನ್ನು ನೋಡಿ ಮಧುರವಾಗಿ ನಕ್ಕು, ಪಾತ್ರೆಗೆ ಮುಚ್ಚಳ ಮುಚ್ಚಿ ಒಳಗೆ ಹೋದಳು. ‘ಹುಳಿ ಇವತ್ತು ಭಾರಿ ಲಾಯ್ಕಾಗಿದೆ ಮಾರಾಯ್ತಿ’ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ‘ಹೌದಾ’ ಎಂದಳು ಒಳಗಿಂದ. ಹಾಗಾಗಿ ಈಗ ನಾನು ಮಧ್ಯಾಹ್ನ ಫ್ರೆಂಚ್ ಹೋಟೆಲಿನಲ್ಲಿ ಹೊಟ್ಟೆ ತುಂಬ ಮಲೆನಾಡಿನ ಊಟ ಮಾಡಿ, ರಾತ್ರಿ ನನ್ನ ಮನೆಯಲ್ಲೇ ಕೂತು ಫ್ರೆಂಚ್ ಊಟ ಮಾಡುತ್ತಿದ್ದೇನೆ.