ಮೂಗಿನ ಸೂತಕ

ಮುಂಬಯಿಯಲ್ಲಿ ಅಪರಿಚಿತರ ಊರು ಕೇಳುವವರಿದ್ದಾರೆ, ಸಂಬಳ ಕೇಳುವವರಿದ್ದಾರೆ. ಮೂಗಿನ ಪೂರ್ವಾಪರ ವಿಚಾರಿಸುವವರು ನನ್ನ ಸೋದರಮಾವ ಒಬ್ಬರೇ!

ಮೂವತ್ತು ವರ್ಷ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು, ಈಗ ಮಲಾಡಿನ ಫ್ಲಾಟಿನಲ್ಲಿ ನಿವೃತ್ತರು. ಜೊತೆಗಿರುವುದು ನಾನು. ಎದುರು ಬಾಗಿಲು ಸಾವಂತ್ ಕಾಕಾರದ್ದು. ಆ ಮೂವತ್ತು ವರ್ಷವೂ ಇಬ್ಬರೂ ಒಂದೇ ಲೋಕಲ್‌ನ ಒಂದೇ ಡಬ್ಬಿಯಲ್ಲಿ ಜಗಳವಾಡುತ್ತ ಹೋಗಿ, ಜಗಳವಾಡುತ್ತ ಬಂದವರು. ಈಚೆಗೆ ಕಾಕಾರಿಗೆ ಅಸ್ಥಿಮಜ್ಜೆಯ ಕಸಿಯಾಯಿತು. ನಮಗೆ ಬರೀ ನೆಗಡಿಯಾಗಿ ಹೋಗುವುದು ಅವರ ಪ್ರಾಣಕ್ಕೇ ಬರಬಹುದು. ಹಾಗಾಗಿ ಕೋಣೆ ಬಿಟ್ಟು ಬರುವಂತಿಲ್ಲ. ಹೊರಗಿನವರಲ್ಲಿ ಒಳಗೆ ಬಿಡುತ್ತಿದ್ದದ್ದು ಮಾವನನ್ನು ಮಾತ್ರ. ಸ್ನಾನ ಮಾಡಿ, ಮಾಸ್ಕ್ ಹಾಕಿ, ಸಂಜೆ ನಾಲ್ಕಕ್ಕೆ, ಅರ್ಧ ಗಂಟೆ. ಮಾವ ಪತ್ರಿಕೆ ಓದುವುದು, ಕಾಕಾ ಪ್ರತಿ ಸುದ್ದಿಗೂ ತಕರಾರು ತೆಗೆಯುವುದು. ಕಾಕಾರ ದಿನವೆಂದರೆ ಆ ಅರ್ಧ ಗಂಟೆ, ಉಳಿದದ್ದೆಲ್ಲ ಗೋಡೆ.

ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ಮಾವ ಸಹಸ್ರನಾಮದಂತೆ ದಿನಾ ಪಾರಾಯಣ ಮಾಡುತ್ತಾರೆ. ಅದರಲ್ಲೊಂದು ಸಾಲು: ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್, ಹಾಕಿಸಿಕೊಂಡವರ ಮೂಗಿನಿಂದ ಅದು ಕೆಲವು ದಿನ ಹೊರಬೀಳಬಹುದು, ಏಳು ದಿನ ಇಂಥ ರೋಗಿಯ ಬಳಿ ಸುಳಿಯಬೇಡಿ. ಸಾಕಲ್ಲ!

ಲಿಫ್ಟ್‌ನಲ್ಲಿ ಏಳನೇ ಮಹಡಿಯ ಗುಜರಾತಿ ಮಹಿಳೆ ಸೀನಿದರು. "ಬೆಹನ್‌ಜೀ, ಲಸಿಕೆ ಮೂಗಿನದ್ದಾ, ತೋಳಿನದ್ದಾ?" ಎಂದರು ಮಾವ.

"ಒಗ್ಗರಣೆಯದ್ದು, ಭಾಯ್‌ಸಾಬ್!"

ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಮಾವ ಎದ್ದುನಿಂತು, ಮೂಗಿಗೆ ಲಸಿಕೆ ಹಾಕಿಸಿಕೊಂಡವರು ಏಳು ದಿನ ಲಿಫ್ಟ್ ಹತ್ತಬಾರದೆಂದು ಠರಾವು ಮಂಡಿಸಿದರು. ಸೆಕ್ರೆಟರಿ ತಲೆಯೆತ್ತಲೂ ಇಲ್ಲ. "ಅಣ್ಣಾ, ನಮ್ಮ ಲಿಫ್ಟ್ ಏಳು ದಿನ ಓಡಿದರೆ ತಾನೇ?"

ಇಂಥವರ ಮನೆಯಲ್ಲಿದ್ದುಕೊಂಡು ನಾನು ಮಾಡಿದ್ದೇನು? ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ಲಸಿಕೆ ಶಿಬಿರ. ಒಂದು ಮೇಜಿನ ಮೇಲೆ ಸೂಜಿ, ಇನ್ನೊಂದರ ಮೇಲೆ ಸ್ಪ್ರೇ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದ ನನಗೆ ಸೂಜಿಯೆಂದರೆ ಬೆವರಿಳಿಯುತ್ತದೆ. ಸ್ಪ್ರೇ ಹೊಡೆಸಿಕೊಂಡು ಬಂದು, ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

ಮಾವನ ತುತ್ತು ನಿಂತಿತು. "ಸೂತಕ!"

"ಯಾರು ಸತ್ತರು?"

"ಹೆತ್ತರೆ ಹತ್ತು ದಿನ, ಸತ್ತರೆ ಹತ್ತು ದಿನ, ಮೂಗಿಗೆ ಏಳೇ. ಡಿಸ್ಕೌಂಟ್ ಉಂಟು!"

ನಾನು ಬಿಡುವವಳೇ? ಲಸಿಕೆಯ ವೈರಸ್ ಇನ್ನೊಬ್ಬರಿಗೆ ದಾಟುವುದೇ ಅಪರೂಪ ಎಂದೆ. ನಿಜವಾದ ಫ್ಲೂ ಬಂದವನು ಉದುರಿಸುವುದು ಇದಕ್ಕಿಂತ ಎಷ್ಟೋ ಹೆಚ್ಚು ಎಂದೆ. ಸುತ್ತಲಿನವರು ಲಸಿಕೆ ಹಾಕಿಸಿಕೊಂಡರೆ ಕಾಕಾರಿಗೇ ಲಾಭ. ಒಂದು ಕೋಣೆಯ ನಿಯಮವನ್ನು ಇಡೀ ಬಿಲ್ಡಿಂಗಿಗೆ ಹೊದಿಸುವುದು ತರ್ಕದೋಷ! ಈಗಲೂ ಇದರಲ್ಲಿ ಒಂದು ಅಕ್ಷರವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ.

"ನಿನ್ನ ಮೂಗಿಗೆ ಹಾಕುವಾಗ ನಿನ್ನ ಸಹಿ ತಕೊಂಡರಾ?"

"ತಗೊಂಡ್ರು."

"ಪಕ್ಕದವನದ್ದು?"

"ಕೆಮ್ಮೋ ಮೊದಲು ಊರಿನವರದ್ದೆಲ್ಲ ಸಹಿ ತಗೊಳ್ಳೋಕಾಗತ್ತಾ ಮಾವ?"

"ಊರಿನವರದ್ದು ಯಾರು ಕೇಳಿದ್ದು ಮಾರಾಯ್ತಿ? ಎದುರು ಮನೆಯವನೊಬ್ಬನದ್ದು. ಫಾರ್ಮಿನಲ್ಲಿ ಅಂಥದ್ದೊಂದು ಪ್ರಶ್ನೆ ಇರ್ಬೇಕಲ್ಲ?"

ಇರಲಿಕ್ಕಿಲ್ಲವೆಂದು ಸಾಧಿಸಲು ಫೋನಿನಲ್ಲಿದ್ದ ಅದರ ಫೋಟೊ ತೆರೆದೆ. ಇತ್ತು. 'ರೋಗನಿರೋಧಕ ಶಕ್ತಿ ತೀರಾ ಕುಂದಿದವರ ನಿಕಟ ಸಂಪರ್ಕ ನಿಮಗೆ ಅಥವಾ ನಿಮ್ಮ ಮನೆಯವರಿಗೆ ಇದೆಯೇ?' ಮುಂದೆ 'ಇಲ್ಲ' ಎಂಬಲ್ಲಿ ನನ್ನದೇ ಗುರುತು. ಪ್ರತಿ ಮಾತಿಗೂ ಆಧಾರ ಕೇಳುವ ನಾನು, ಸೂಜಿಯ ಮೇಜಿನಿಂದ ಓಡುವ ಅವಸರದಲ್ಲಿ, ಓದದೇ ಗೀಚಿದ್ದೆ!

ಕಾಕಾರ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. "ನಿಮ್ಮ ಮಾವನ ಮೂಲಕ ದಾಟುವ ಸಾಧ್ಯತೆ ತೀರಾ ಕಡಿಮೆ," ಎಂದರು. ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ, "ಆದರೆ ಈ ರೋಗಿಯ ವಿಷಯದಲ್ಲಿ ಜೂಜು ಬೇಡ. ನಿಮಗೆ ಸೂಜಿಯದ್ದು ಇತ್ತಲ್ಲ?" ಎಂದರು.

ಮರುದಿನ ನಾಲ್ಕಕ್ಕೆ ಮಾವ ಸ್ನಾನ ಮಾಡಿ, ಇಸ್ತ್ರಿಯ ಶರ್ಟ್ ತೊಟ್ಟು, ನಮ್ಮ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡರು. ಎದುರಿಗೆ ಮುಚ್ಚಿದ ಬಾಗಿಲು. ತೊಡೆಯ ಮೇಲೆ ಪತ್ರಿಕೆ, ಕೈಯಲ್ಲಿ ಫೋನು. ನಾನು ಅಡುಗೆಮನೆಯಲ್ಲಿ ಕಿವಿಯಾಗಿ ನಿಂತಿದ್ದೆ.

"ಅಣ್ಣಾ, ಆಜ್ ಕಾ ನಾಹೀ ಆಲಾಸ್?" ಇವತ್ತೇಕೆ ಬರಲಿಲ್ಲವೆಂದು ಕಾಕಾರ ಸಣ್ಣ ದನಿ ಸ್ಪೀಕರಿನಲ್ಲಿ.

ಮುಗಿಯಿತು! ಲಿಫ್ಟ್‌ನಲ್ಲಿ, ಮೀಟಿಂಗಿನಲ್ಲಿ ಕಂಡಕಂಡವರ ಮೂಗನ್ನು ಕಟಕಟೆಗೆ ಹತ್ತಿಸಿದವರು, ಇನ್ನು ನನ್ನದನ್ನು ಬಿಟ್ಟಾರೆಯೇ?

"ನನಗೇ ಸ್ವಲ್ಪ ನೆಗಡಿ ಮಾರಾಯ," ಎಂದರು ಮಾವ. ನಂಬಿಕೆ ಬರಲೆಂದು ಎರಡು ಸಲ ಜೋರಾಗಿ ಮೂಗೆಳೆದರು. "ಏಳು ದಿನ ಫೋನಿನಲ್ಲೇ ಜಗಳ. ತಕೋ, ಮೊದಲನೇ ಪುಟ."

ಅವರ ಮೂಗು ಒಣಗಿದ ಕೊಬ್ಬರಿಯಂತಿತ್ತು. ಸೋರುತ್ತಿದ್ದದ್ದು ನನ್ನದು. ಅದು ಲಸಿಕೆಯ ದೋಷವಲ್ಲ ಎಂದು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ.